ಅಕ್ಕನ ಸೀಮಂತದ ವಿಡಿಯೊ ಫೈಲ್‌ಗಳು ತೆರೆಯುತ್ತಿಲ್ಲ, ಏನು ಮಾಡಲಿ?

ಮೊದಲು ಒಂದು ಮಾತು. ವಿಡಿಯೊಗಳಿರುವ ಪೆನ್‌ಡ್ರೈವನ್ನು ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಕೇಳಿದರೂ ಮಾಡಬೇಡಿ. ಫೋನಿನಲ್ಲಿ ಮೂಲ ಫೈಲ್ ಇನ್ನೂ ಇದ್ದರೆ ಅಳಿಸಬೇಡಿ. ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಇನ್ನು ಏನೇ ಪ್ರಯೋಗ ಮಾಡಿದರೂ ಆ ಕಾಪಿಯ ಮೇಲೇ ಮಾಡಿ.

ನೀವು ಮೂರು ಫೈಲ್ ಬಗ್ಗೆ ಬರೆದಿದ್ದೀರಿ. ಒಂದಕ್ಕೆ ವಿಎಲ್‌ಸಿ ಎಂಬ ಉಚಿತ ವಿಡಿಯೊ ಪ್ಲೇಯರ್ 'ಎಂಆರ್‌ಎಲ್ ತೆರೆಯಲು ಆಗುತ್ತಿಲ್ಲ' ಅನ್ನುತ್ತದೆ. ಎರಡನೆಯದು ವಿಂಡೋಸ್‌ನ ಪ್ಲೇಯರಿನಲ್ಲಿ ಹಾಡು ಕೇಳಿಸುತ್ತದೆ, ಚಿತ್ರ ಮಾತ್ರ ಕಪ್ಪು. ಮೂರನೆಯದು ಎಲ್ಲೂ ಓಡುವುದಿಲ್ಲ. ಇವು ಮೂರೂ ಬೇರೆ ಬೇರೆ ತೊಂದರೆಗಳು. ನೀವು ಒಂದೇ ಅಂದುಕೊಂಡು ಸಿಕ್ಕಸಿಕ್ಕ ಕೋಡೆಕ್ (ವಿಡಿಯೊವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ವಿಧಾನ) ಪ್ಯಾಕ್‌ಗಳನ್ನು ಹಾಕಿದ್ದೀರಿ, ಅಲ್ವಾ? ಅವನ್ನು ತೆಗೆದುಬಿಡಿ. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹೊರಗಿನ ಪ್ಯಾಕನ್ನು ನೋಡುವುದೂ ಇಲ್ಲ.

ಎಂಆರ್‌ಎಲ್ ಅಂದರೆ ಬರೀ ವಿಳಾಸ. ವಿಎಲ್‌ಸಿ ಹುಟ್ಟಿದ್ದೇ 1996ರಲ್ಲಿ, ಪ್ಯಾರಿಸ್‌ನ ಕಾಲೇಜೊಂದರ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕಿನ ಮೇಲೆ ವಿಡಿಯೊ ಹರಿಸಲು ಶುರು ಮಾಡಿದ ಕೆಲಸದಿಂದ. ಹಾಗಾಗಿ ಅದಕ್ಕೆ ಡಿಸ್ಕಿನ ಫೈಲೂ ಒಂದು ವಿಳಾಸ, ದೂರದ ಕ್ಯಾಮೆರಾನೂ ಒಂದು ವಿಳಾಸ. 'ತೆರೆಯಲು ಆಗುತ್ತಿಲ್ಲ' ಅಂದರೆ ಆ ವಿಳಾಸದಲ್ಲಿ ಏನೂ ಸಿಗಲಿಲ್ಲ, ಇಲ್ಲವೇ ಓದಲು ಅನುಮತಿ ಸಿಗಲಿಲ್ಲ ಎಂದರ್ಥ. ಫೈಲ್ ಕೆಟ್ಟಿದೆ ಎಂದಲ್ಲ. ಪೆನ್‌ಡ್ರೈವ್ ನಿನ್ನೆ ಇ ಡ್ರೈವ್ ಆಗಿತ್ತು, ಇವತ್ತು ಎಫ್ ಆಗಿದೆ, ನೀವು ವಿಎಲ್‌ಸಿಯ ಹಳೇ ಪ್ಲೇಲಿಸ್ಟಿನಿಂದಲೇ ಒತ್ತುತ್ತಿದ್ದೀರಿ ಅಂದುಕೊಳ್ಳಿ. ಆಗಲೂ ಇದೇ ಸಂದೇಶ ಬರುತ್ತದೆ. ಫೈಲನ್ನು ಡೆಸ್ಕ್‌ಟಾಪಿಗೆ ತಂದು, ಚಿಕ್ಕ ಹೆಸರು ಕೊಟ್ಟು, ಅಲ್ಲಿಂದ ತೆರೆಯಿರಿ. ನಿಮ್ಮ ಮೊದಲನೇ ಫೈಲಿಗೆ ಇಷ್ಟೇ ಸಾಕಾಗಬಹುದು.

ಕೊನೆಯಲ್ಲಿ ಊರಿನ ಮನೆಯ ಸಿಸಿಟಿವಿಯನ್ನೂ ಕೇಳಿದ್ದೀರಿ. ಅಲ್ಲೂ ವಿಳಾಸವನ್ನೇ ಮೊದಲು ನೋಡಿ. ಕ್ಯಾಮೆರಾದ ವಿಡಿಯೊವನ್ನು ನೆಟ್‌ವರ್ಕಿನ ಮೇಲೆ ಹರಿಸುವ ಪದ್ಧತಿಯಾದ ಆರ್‌ಟಿಎಸ್‌ಪಿ ಸಾಮಾನ್ಯವಾಗಿ 554ನೇ ಪೋರ್ಟಿನಲ್ಲಿರುತ್ತದೆ. ಪಾಸ್‌ವರ್ಡಿನಲ್ಲಿ @ ಚಿಹ್ನೆ ಇದ್ದರೆ ವಿಳಾಸ ಅಲ್ಲೇ ತುಂಡಾಗುತ್ತದೆ, ಅದರ ಬದಲು %40 ಎಂದು ಬರೆಯಿರಿ. 192.168ರಿಂದ ಶುರುವಾಗುವ ವಿಳಾಸ ಆ ಮನೆಯ ವೈಫೈ ಒಳಗೆ ಮಾತ್ರ ಕೆಲಸ ಮಾಡುತ್ತದೆ, ಬೆಂಗಳೂರಿನಲ್ಲಿ ಕೂತು ಹಾಕಿದರೆ ಬರುವುದಿಲ್ಲ.

ಇನ್ನು ಎರಡನೇ ಫೈಲು. ಅದು ಬಹುಶಃ ಎಚ್‌ಇವಿಸಿ ಎಂಬ ಕೋಡೆಕ್, ಅಂದರೆ ಎಚ್ 265. ಈಗಿನ ಫೋನುಗಳು ಜಾಗ ಉಳಿಸಲು ಇದರಲ್ಲಿ ರೆಕಾರ್ಡ್ ಮಾಡುತ್ತವೆ. ವಿಂಡೋಸ್ 10ರಲ್ಲಿ ಇದನ್ನು ಬಿಡಿಸುವ ಭಾಗ ಎಲ್ಲರಿಗೂ ತಾನಾಗಿ ಬರುವುದಿಲ್ಲ, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡು ಕೊಟ್ಟು ತಗೊಳ್ಳಬೇಕು. ನೀವು ತಗೊಳ್ಳಬೇಕಿಲ್ಲ, ವಿಎಲ್‌ಸಿಯಲ್ಲಿ ತೆರೆದು ನೋಡಿ. ಕಂಟ್ರೋಲ್ ಜೊತೆ ಜೆ ಒತ್ತಿದರೆ ಯಾವ ಕೋಡೆಕ್ ಎಂದು ಅದೇ ಹೇಳುತ್ತದೆ. ಚಿತ್ರ ಹಸಿರಾಗಿ ಚೂರುಚೂರಾದರೆ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ. ಅಮ್ಮನಿಗೆ ಹಳೇ ಟಿವಿಯಲ್ಲೇ ತೋರಿಸಬೇಕು ಅಂದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್ 264 ಎಂಬ ಹಳೇ ಕೋಡೆಕ್‌ಗೆ ಬದಲಾಯಿಸಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಆಗಿರುತ್ತದೆ.

ಮೂರನೆಯದೇ ನಿಜವಾದ ಸಂಕಟ. ರೆಕಾರ್ಡ್ ಆಗುವಾಗ ಫೋನ್ ಆಫ್ ಆಯಿತು ಎಂದು ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು. ನಮ್ಮಜ್ಜಿ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ಶೋಭಾನೆ ಪದ ಹೇಳುತ್ತಿದ್ದರು. ಹನ್ನೊಂದು ನಿಮಿಷ ಹಿಡಿದಿದ್ದೆ, ಅಷ್ಟರಲ್ಲಿ ಬ್ಯಾಟರಿ ಹೋಯಿತು. ಆಮೇಲೆ ನೋಡಿದರೆ 1.4 ಜಿಬಿ ಫೈಲ್ ಇದೆ, ಯಾವ ಪ್ಲೇಯರೂ ಅದನ್ನು ಮುಟ್ಟುತ್ತಿಲ್ಲ. ಅಂಗಡಿಯವರು ಹೋಯಿತು ಬಿಡಿ ಅಂದರು. ಹೋಗಿರಲಿಲ್ಲ.

ಎಂಪಿ4 ಫೈಲಿನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದರಲ್ಲಿ ಚಿತ್ರ ಮತ್ತು ಶಬ್ದ ತುಂಬಿರುತ್ತವೆ. ಇನ್ನೊಂದು 'ಮೂವ್' (moov) ಎಂಬ ಭಾಗ, ಯಾವ ಚಿತ್ರ ಎಲ್ಲಿದೆ, ಎಷ್ಟು ಹೊತ್ತಿಗೆ ಬರಬೇಕು ಎಂಬ ಪಟ್ಟಿ. ಫೋನು ಈ ಪಟ್ಟಿಯನ್ನು ಸಾಮಾನ್ಯವಾಗಿ ನೀವು ಸ್ಟಾಪ್ ಒತ್ತಿದ ಮೇಲೆ, ಕಡೆಯಲ್ಲಿ ಬರೆಯುತ್ತದೆ. ನಡುವೆ ಆಫ್ ಆದರೆ ಪಟ್ಟಿಯೇ ಇರುವುದಿಲ್ಲ. ಅಜ್ಜಿಯ ಹಾಡು ಅಷ್ಟೂ ಒಳಗಿತ್ತು, ಎಲ್ಲಿ ಶುರು ಎಲ್ಲಿ ಮುಗಿತು ಎಂದು ಹೇಳುವವರು ಇರಲಿಲ್ಲ, ಅಷ್ಟೇ.

ನಿಮ್ಮದೂ ಇದೇನಾ ಎಂದು ತಿಳಿಯಲು ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಮೆಸೇಜಸ್ ತೆರೆಯಿರಿ, ಅದರ ವರ್ಬಾಸಿಟಿ (ಎಷ್ಟು ವಿವರವಾಗಿ ಬರೆಯಬೇಕು ಎಂಬ ಅಂಕಿ) 2 ಮಾಡಿ, ಆಮೇಲೆ ಫೈಲನ್ನು ಓಡಿಸಿ. ಸಾಲುಗಳ ನಡುವೆ 'ನೋ ಮೂವ್' (no moov) ಎಂದು ಕಂಡರೆ ಇದೇ. ಜೊತೆಗೆ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ಆ ಫೈಲಿನೊಳಗೆ ಏನೂ ಇಲ್ಲ. ನೂರಾರು ಎಂಬಿ ಇದ್ದರೆ ಪ್ರಯತ್ನ ಮಾಡಲೇಬೇಕು.

ಇದಕ್ಕೆ ಅನ್‌ಟ್ರಂಕ್ (untrunc) ಎಂಬ ಉಚಿತ ತಂತ್ರಾಂಶವಿದೆ. ಅದಕ್ಕೆ ಎರಡು ಫೈಲ್ ಕೊಡಬೇಕು: ಕೆಟ್ಟಿದ್ದು ಒಂದು, ಅದೇ ಫೋನಿನಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದದ್ದು ಒಂದು. ಸರಿಯಾದದ್ದನ್ನು ನೋಡಿ ಕೆಟ್ಟದ್ದರ ಪಟ್ಟಿಯನ್ನು ಅದು ಮತ್ತೆ ಕಟ್ಟುತ್ತದೆ. ಸೆಟ್ಟಿಂಗ್ ಒಂದೇ ಇರಬೇಕು ಅನ್ನುವುದನ್ನು ಮರೆಯಬೇಡಿ. ನಾನು ಮೊದಲು 720ರ ರೆಸಲ್ಯೂಷನ್ನಿನ ವಿಡಿಯೊ ಕೊಟ್ಟು ಒಂದು ಸಂಜೆ ಕಳೆದೆ, ಅಜ್ಜಿಯದು 1080ರಲ್ಲಿತ್ತು. ಆಮೇಲೆ ಅದೇ ಫೋನಿನಲ್ಲಿ 1080ಕ್ಕೆ ಇಟ್ಟು, ಅದೇ ಜಗುಲಿಯನ್ನು ಒಂದು ನಿಮಿಷ ಹಿಡಿದು ಕೊಟ್ಟೆ. ಹೊಸ ಫೈಲ್ ಬಂತು. ಕೊನೆಯ ಕೆಲವು ಸೆಕೆಂಡು ಇಲ್ಲ, ಉಳಿದದ್ದೆಲ್ಲ ಇದೆ. ನಡುವೆ ಅಜ್ಜಿ ಹಾಡು ನಿಲ್ಲಿಸಿ 'ಸಾಕೇನೋ?' ಅಂತ ಕೇಳಿದ್ದೂ ಇದೆ.

ದುಡ್ಡು ಕೊಟ್ಟರೆ ಸರಿ ಮಾಡುತ್ತೇವೆ ಅನ್ನುವ ವೆಬ್‌ಸೈಟುಗಳಿಗೆ ಮನೆಯ ವಿಡಿಯೊ ಸುಮ್ನೆ ಕಳಿಸಬೇಡಿ. ಮೊದಲು ಇದನ್ನು ಮಾಡಿ ನೋಡಿ. ಮೂರನೇ ಫೈಲಿನ ಗಾತ್ರ, ಫೋನಿನ ಮಾಡೆಲ್, ಮೆಸೇಜಸ್‌ನಲ್ಲಿ ಕಂಡ ಸಾಲು ಇವಿಷ್ಟನ್ನು ಕಾಮೆಂಟಿನಲ್ಲಿ ಬರೆಯಿರಿ. ಅನ್‌ಟ್ರಂಕ್ ಓಡಿಸುವುದು ಕಷ್ಟ ಅನಿಸಿದರೆ ಒಂದೊಂದು ಹಂತವನ್ನೂ ಇಲ್ಲೇ ಹೇಳುತ್ತೇನೆ.