ಇಬಿಜಾದಲ್ಲಿ ಐದು ದಿನ: ಮೊದಲು ರಾತ್ರಿಗಳನ್ನು ಗೊತ್ತುಮಾಡಿಕೊಳ್ಳಿ

ಬೆಂಗಳೂರಿನಿಂದ ನಾಲ್ವರು ಗೆಳೆಯರು ಆಗಸ್ಟ್‌ನಲ್ಲಿ ಐದು ದಿನ ನೈಟ್‌ಕ್ಲಬ್‌ಗಳಿಗೆ ಹೆಸರಾದ ಸ್ಪೇನ್‌ನ ದ್ವೀಪ ಇಬಿಜಾಕ್ಕೆ ಹೊರಟಿದ್ದೀರಿ. ಇಬ್ಬರು ಸಸ್ಯಾಹಾರಿಗಳು, ಒಬ್ಬರು ಕುಡಿಯುವುದಿಲ್ಲ. ಎಲ್ಲಿ ಉಳಿಯಬೇಕು, ಐದು ರಾತ್ರಿಯೂ ಕ್ಲಬ್‌ಗೆ ಹೋದರೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದ್ದೀರಿ. ನಾನು ನೌಕರಿಯ ಮೇಲೆ ಬಾರ್ಸಿಲೋನಾದಲ್ಲಿದ್ದೇನೆ. ಇಲ್ಲಿಂದ ಆ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಹಾಗಾಗಿ ಹೋಗಿಬರುವ ರೂಢಿಯಿದೆ. ನನ್ನ ಉತ್ತರ ಇಷ್ಟು: ಐದು ರಾತ್ರಿ ಬೇಡ, ಎರಡು ಸಾಕು. ಆಗಸ್ಟ್ ಅಂತೂ ಬೇಡವೇ ಬೇಡ.

ಮೊದಲು ಹಣದ ಮಾತು. ದೊಡ್ಡ ಕ್ಲಬ್‌ಗಳ ಟಿಕೆಟ್ ಸಾಮಾನ್ಯವಾಗಿ ತಲೆಗೆ 50ರಿಂದ 100 ಯೂರೊ. ಒಳಗೆ ಒಂದು ಗ್ಲಾಸ್ ಮದ್ಯಕ್ಕೆ 20 ಯೂರೊ ಆಸುಪಾಸು. ನೀರಿನ ಬಾಟಲಿಗೇ ಹತ್ತು ಯೂರೊ ಕೇಳುವ ಜಾಗಗಳಿವೆ. ಟ್ಯಾಕ್ಸಿಯೂ ಸೇರಿ ಒಂದು ರಾತ್ರಿಗೆ ತಲಾ 150 ಯೂರೊ ಎಂದಿಟ್ಟುಕೊಂಡರೆ ಐದು ರಾತ್ರಿಗೆ ನಾಲ್ವರಿಂದ 3,000 ಯೂರೊ ಆಗುತ್ತದೆ. ದೇಹವೂ ತಡೆಯುವುದಿಲ್ಲ. ಹೆಸರುವಾಸಿ ಡಿಜೆಗಳು ವೇದಿಕೆಗೆ ಬರುವುದೇ ರಾತ್ರಿ ಎರಡರ ಮೇಲೆ, ಬಾಗಿಲು ಹಾಕುವುದು ಬೆಳಗಿನ ಆರಕ್ಕೆ. ಮೂರನೆಯ ದಿನದ ಹೊತ್ತಿಗೆ ನಿಮ್ಮಲ್ಲಿ ಇಬ್ಬರು ಟಿಕೆಟ್ ಕೈಯಲ್ಲಿಟ್ಟುಕೊಂಡೇ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿರುತ್ತಾರೆ.

ಹೆಚ್ಚಿನವರು ವಿಮಾನ, ಹೋಟೆಲ್ ಕಾದಿರಿಸಿ ಆಮೇಲೆ ಕ್ಲಬ್ ಹುಡುಕುತ್ತಾರೆ. ಅಲ್ಲಿ ಇದು ತಿರುಗುಮುರುಗಾಗಬೇಕು. ಪ್ರತಿ ಡಿಜೆಗೆ, ಪ್ರತಿ ತಂಡಕ್ಕೆ ಇಡೀ ಋತುವಿಗೆ ವಾರದ ಒಂದು ದಿನ ಗೊತ್ತಾಗಿರುತ್ತದೆ. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಡಿಸಿ-10 ಕ್ಲಬ್‌ನಲ್ಲಿ ಸರ್ಕೊಲೊಕೊ ಎಂಬ ಪಾರ್ಟಿ ಎಂದರೆ ಸೋಮವಾರ. ನೀವು ಮಂಗಳವಾರ ಇಳಿದು ಶನಿವಾರ ಹೊರಟರೆ ಅದು ನಿಮ್ಮ ಪಾಲಿಗಿಲ್ಲ. ಆದ್ದರಿಂದ ಕೇಳಲೇಬೇಕಾದ ಸಂಗೀತ ಯಾವುದು ಎಂದು ನಾಲ್ವರೂ ಕೂತು ತೀರ್ಮಾನಿಸಿ, ಆ ವರ್ಷದ ವೇಳಾಪಟ್ಟಿ ನೋಡಿ ಎರಡು ರಾತ್ರಿ ಆರಿಸಿ, ನಂತರ ಹಾಸಿಗೆ ಹುಡುಕಿ.

ಆ ಎರಡರಲ್ಲಿ ಒಂದು ಉಶುವಾಯಾ ಕ್ಲಬ್ ಆಗಲಿ ಎಂಬುದು ನನ್ನ ಸಲಹೆ. ಅದು ಬಯಲು ವೇದಿಕೆ. ಸಂಜೆ ಬೆಳಕಿರುವಾಗಲೇ ಶುರುವಾಗಿ ಮಧ್ಯರಾತ್ರಿಯೊಳಗೆ ಮುಗಿಯುತ್ತದೆ. ಈ ಸಮಯದ ಕಟ್ಟುಪಾಡಿಗೆ ಶಬ್ದವೇ ಕಾರಣ: ಇಬಿಜಾದ ಹಳೆಯ ಕ್ಲಬ್‌ಗಳೂ ಆಕಾಶದ ಕೆಳಗೇ ಇದ್ದವು, ಸುತ್ತಲಿನವರ ದೂರಿನಿಂದ 1990ರ ಆಸುಪಾಸಿನಲ್ಲಿ ಒಂದೊಂದಾಗಿ ಮಾಡು ಹೊದೆಸಿಕೊಂಡವು. ಎರಡನೆಯದಕ್ಕೆ 1973ರಿಂದ ಇರುವ ಪಾಚಾ ಕ್ಲಬ್ ನೋಡಿ, ಅಥವಾ ಸಾಂತ್ ರಫೆಲ್ ಹಳ್ಳಿಯ ಯೂನಿವರ್ಸ್. 1987ರಲ್ಲಿ ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹಾಡಿದ ಕು ಕ್ಲಬ್‌ನ ಜಾಗವೇ ಅದು. ನಡುವೆ ಪ್ರಿವಿಲೆಜ್ ಆಗಿತ್ತು, 2025ರಲ್ಲಿ ಈ ಹೆಸರಿನಲ್ಲಿ ತೆರೆಯಿತು.

ಉಳಿಯಲು ಮೂರು ಆಯ್ಕೆ. ಪ್ಲಾಯಾ ದೆನ್ ಬೊಸ್ಸಾ ಕಡಲತೀರದಲ್ಲಿ ಉಶುವಾಯಾ ಮತ್ತು ಹಾಯ್ ಎಂಬ ಇನ್ನೊಂದು ಕ್ಲಬ್ ಎದುರುಬದುರು ಇವೆ, ನಡೆದೇ ಕೋಣೆ ಸೇರಬಹುದು. ಆದರೆ ಹಗಲಿನಲ್ಲೂ ಕಿವಿಗೆ ಬಿಡುವಿಲ್ಲ. ಪಶ್ಚಿಮ ತೀರದ ಸಾಂತ್ ಅಂತೋನಿ ಊರು ಅಗ್ಗ, ಬ್ರಿಟಿಷ್ ಹುಡುಗರ ಗದ್ದಲ ಜಾಸ್ತಿ. ನಾನಾದರೆ ಇಬಿಜಾ ಪಟ್ಟಣದಲ್ಲೇ ಕೋಣೆ ಹಿಡಿಯುತ್ತೇನೆ: ಪಾಚಾ ನಡೆದು ಹೋಗುವಷ್ಟು ಹತ್ತಿರ, ಹಡಗುಕಟ್ಟೆ ಅಲ್ಲೇ, ಋತುವಿನಲ್ಲಿ ರಾತ್ರಿ ಓಡುವ ಡಿಸ್ಕೊಬಸ್ ಕೂಡ ಸಿಗುತ್ತದೆ.

ತಿಂಗಳು? ಜೂನ್ ಮಧ್ಯ ಅಥವಾ ಸೆಪ್ಟೆಂಬರ್ ಕೊನೆ. ಕ್ಲಬ್‌ಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲರ್ಧದವರೆಗೆ ತೆರೆದಿರುತ್ತವೆ. ಆಗಸ್ಟ್‌ನಲ್ಲಿ ಅರ್ಧ ಯುರೋಪ್ ರಜೆಯಲ್ಲಿರುತ್ತದೆ, ಅದೇ ಕೋಣೆಗೆ ದುಪ್ಪಟ್ಟು ಬಾಡಿಗೆ. ಸೆಪ್ಟೆಂಬರ್‌ನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, 30,000 ಯೂರೊವರೆಗಿನ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಯ ಪ್ರಯಾಣಕ್ಕೆ ಅರ್ಜಿ ಸಲ್ಲಿಸುವ ದಿನ ಗೊತ್ತಾಗುವುದೇ ಕಷ್ಟ, ತಡಮಾಡಬೇಡಿ.

ಹಗಲಿಗೆ ಹೆಚ್ಚು ಯೋಜನೆ ಬೇಡ. ಒಂದು ದಿನ ದೋಣಿ ಹತ್ತಿ ಅರ್ಧ ಗಂಟೆಯ ದೂರದ ಪಕ್ಕದ ದ್ವೀಪ ಫೊರ್ಮೆಂತೇರಾಕ್ಕೆ ಹೋಗಿ. ದಡದಲ್ಲಿ ಕಂದು ಬಣ್ಣದ ಒಣ ರಾಶಿ ಕಂಡರೆ ಕಸವೆಂದು ಮೂಗು ಮುರಿಯಬೇಡಿ. ಅದು ಪೊಸಿಡೋನಿಯಾ ಎಂಬ ಕಡಲ ಹುಲ್ಲು, ನೀರು ಅಷ್ಟು ತಿಳಿಯಾಗಿರಲು ಮುಖ್ಯ ಕಾರಣ. 1999ರಲ್ಲಿ ಇಬಿಜಾಕ್ಕೆ ಯುನೆಸ್ಕೋ ಮಾನ್ಯತೆ ಸಿಕ್ಕಿದ್ದು ಈ ಹುಲ್ಲಿಗೂ ಸೇರಿಸಿ. ಇಬಿಜಾ ಪಟ್ಟಣದ ಹಳೆಯ ಭಾಗವಾದ, ಹದಿನಾರನೆಯ ಶತಮಾನದ ಕೋಟೆಗೋಡೆಗಳ ದಾಲ್ತ್ ವಿಲಾ ಕೂಡ ಆ ಮಾನ್ಯತೆಯಲ್ಲಿ ಸೇರಿದೆ. ಕೋಟೆಯನ್ನು ಬಿಸಿಲಿಳಿದ ಮೇಲೆ ಹತ್ತಿ, ಕಲ್ಲುಹಾಸು ಜಾರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ತಿಂಡಿಪಟ್ಟಿಯಲ್ಲಿ ‘ವೆಜೆತಾಲ್’ ಎಂದು ಬರೆದ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ ಮೀನು, ಮೊಟ್ಟೆ ಇರುವುದು ಸ್ಪೇನ್‌ನಲ್ಲಿ ಮಾಮೂಲು. ಮೀನೂ ಬೇಡ, ಹ್ಯಾಮ್ ಕೂಡ ಬೇಡ ಎಂದು ಬಿಡಿಸಿ ಹೇಳಿ. ಟೊಮೇಟೊ ಸವರಿದ ಬ್ರೆಡ್, ಹುರಿದ ಆಲೂಗಡ್ಡೆಯ ಪತಾತಾಸ್ ಬ್ರಾವಾಸ್, ತಣ್ಣನೆಯ ಟೊಮೇಟೊ ಸೂಪ್ ಗಾಸ್ಪಾಚೊ, ಸುಟ್ಟ ಬದನೆಯ ಎಸ್ಕಲಿವಾದಾದಿಂದ ಹೊಟ್ಟೆ ತುಂಬುತ್ತದೆ. ಕುಡಿಯದ ಗೆಳೆಯರಿಗೆ ಸಾಂತ್ ಅಂತೋನಿಯ ಬಂಡೆಗಳು ಸರಿಯಾದ ಜಾಗ. 1980ರಿಂದ ಇರುವ ಕೆಫೆ ದೆಲ್ ಮಾರ್ ಎಂಬ ಬಾರಿನ ಸಂಗೀತ ಅಲ್ಲಿಗೂ ಕೇಳುತ್ತದೆ, ಸೂರ್ಯಾಸ್ತಕ್ಕೆ ಟಿಕೆಟ್ ಇಲ್ಲ.

ಕುಡಿಯುವ ಮೂವರು ಗಮನಿಸಿ: ಸಾಂತ್ ಅಂತೋನಿಯ ಮೋಜಿನ ಬೀದಿಗಳಿಗೆ 2020ರಿಂದ ವಿಶೇಷ ಕಾನೂನಿದೆ. ರಾತ್ರಿ 9.30ರಿಂದ ಬೆಳಗಿನ 8ರವರೆಗೆ ಅಲ್ಲಿನ ಅಂಗಡಿಗಳು ಮದ್ಯ ಮಾರುವಂತಿಲ್ಲ. ಬೀದಿಯಲ್ಲಿ ಕುಡಿದರೆ ದಂಡ. ಬಾಲ್ಕನಿಯಿಂದ ಬಾಲ್ಕನಿಗೆ, ಈಜುಕೊಳಕ್ಕೆ ಹಾರುವ ಹುಚ್ಚಾಟದಲ್ಲಿ ಪ್ರವಾಸಿಗರು ಸತ್ತಿದ್ದಾರೆ, ಅದಕ್ಕೂ ದಂಡವಿದೆ. ಮಾದಕ ವಸ್ತು ಸಾರ್ವಜನಿಕ ಜಾಗದಲ್ಲಿ ಜೇಬಿನಲ್ಲಿ ಸಿಕ್ಕರೂ ದಂಡ ಶುರುವಾಗುವುದೇ 601 ಯೂರೊದಿಂದ. ದಾರಿಯಲ್ಲಿ ಪಿಸುಗುಟ್ಟಿಕೊಂಡು ಬರುವವರ ಜೊತೆ ಮಾತಿಗೇ ನಿಲ್ಲಬೇಡಿ.

ಹಿಂತಿರುಗುವ ವಿಮಾನವನ್ನು ಮಧ್ಯಾಹ್ನದ ಮೇಲಿನದ್ದೇ ಹಿಡಿಯಿರಿ. ಎರಡರಲ್ಲಿ ಒಂದು ಕ್ಲಬ್ ರಾತ್ರಿ ಕೊನೆಯ ರಾತ್ರಿಯೇ ಆಗಬೇಕಾಗಿ ಬಂದರೆ, ಅದಕ್ಕೆ ಪ್ಲಾಯಾ ದೆನ್ ಬೊಸ್ಸಾದ ಕ್ಲಬ್ಬನ್ನೇ ಆರಿಸಿಕೊಳ್ಳಿ, ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ.