ಈಸ್ಟ್ ಇಲ್ಲದ ಡೋನಟ್‌ಗೆ ಹೂರಣ ತುಂಬೋದು ಯಾವಾಗ?

ಡೋನಟ್ ವಿಷಯ ಬರೆದು ಮುಗಿಸಿದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದೀರಿ. ಮೈದಾ ಜರಡಿ ಹಿಡಿಯಿರಿ, ಅಳತೆ ಚಮಚ ಬಳಸಿ ಅಂತೆಲ್ಲ ಮತ್ತೆ ಹೇಳುವುದಿಲ್ಲ. ನೇರ ವಿಷಯಕ್ಕೆ ಬರೋಣ.

ಪ್ರಶ್ನೆ: ಬೇಕಿಂಗ್ ಪೌಡರ್ ಹಾಕಿ ಡೋನಟ್ ಕರಿದೆ. ಆಮೇಲೆ ಬದಿಯಲ್ಲಿ ತೂತು ಮಾಡಿ ಜಾಮ್ ತುಂಬಲು ಹೋದರೆ ಒಳಗೆ ಹೋಗುವುದೇ ಇಲ್ಲ, ಡೋನಟ್ ಬಿರಿಯುತ್ತದೆ. ಕೆಲವು ನಡುವೆ ಹಸಿಯಾಗಿಯೇ ಇದ್ದವು. ಎಲ್ಲಿ ತಪ್ಪಿದೆ?

ಹೂರಣ ತುಂಬುವ ಹೊತ್ತು ತಪ್ಪಿದೆ. ಈಸ್ಟ್ ಹಾಕಿದ ಹಿಟ್ಟನ್ನು ಚೆನ್ನಾಗಿ ನಾದಿರುತ್ತೀರಿ, ಅದು ಗಂಟೆಗಟ್ಟಲೆ ಉಬ್ಬಿರುತ್ತದೆ. ಕರಿದ ಮೇಲೆ ಒಳಗೆಲ್ಲ ಮೆತ್ತಗೆ, ಎಳೆ ಎಳೆಯಾಗಿ ಇರುತ್ತದೆ. ಜಾಮ್ ಒತ್ತಿದರೆ ಸರಿದು ಜಾಗ ಕೊಡುತ್ತದೆ. ಬೇಕಿಂಗ್ ಪೌಡರ್ ಹಿಟ್ಟು ಹಾಗಲ್ಲ. ಅದರ ಒಳಭಾಗ ಕೇಕ್ ಇದ್ದ ಹಾಗೆ, ಸಣ್ಣ ಸಣ್ಣ ರಂಧ್ರ. ಒತ್ತಿದರೆ ಸರಿಯುವುದಿಲ್ಲ, ಪುಡಿಯಾಗುತ್ತದೆ. "ತೂತು ಮಾಡಿ ತುಂಬಿ, ಎರಡೇ ನಿಮಿಷ" ಅಂತ ತೋರಿಸುವವರು ಆ ಡೋನಟ್ಟನ್ನು ಕತ್ತರಿಸಿ ತೋರಿಸುತ್ತಾರಾ? ಸ್ವಲ್ಪ ಗಮನಿಸಿ.

ಆದ್ದರಿಂದ ಹೂರಣ ಮೊದಲು, ಕರಿಯುವುದು ಆಮೇಲೆ.

250 ಗ್ರಾಂ ಮೈದಾಕ್ಕೆ 2 ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಕಾಲು ಚಮಚ ಉಪ್ಪು, 50 ಗ್ರಾಂ ಸಕ್ಕರೆ. ಇನ್ನೊಂದು ಪಾತ್ರೆಯಲ್ಲಿ 120 ಗ್ರಾಂ ಗಟ್ಟಿ ಮೊಸರು, ಒಂದು ಮೊಟ್ಟೆ, ಕರಗಿಸಿದ 30 ಗ್ರಾಂ ಬೆಣ್ಣೆ. ಮೊಟ್ಟೆ ಬೇಡ ಅನ್ನುವವರು ಮೊಸರನ್ನು 160 ಗ್ರಾಂ ಮಾಡಿಕೊಳ್ಳಿ. ಎರಡನ್ನೂ ಸೇರಿಸಿ. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು, ನಾದಬೇಡಿ. ಕೈಗೆ ಸ್ವಲ್ಪ ಅಂಟುತ್ತದೆ. ಅಂಟಲಿ. ಅಂಟುತ್ತದೆ ಅಂತ ಹಿಡಿ ಹಿಡಿ ಮೈದಾ ಸುರಿದು, ಆಮೇಲೆ ಕಲ್ಲಿನ ಹಾಗಾಯ್ತು ಅಂತ ನನಗೆ ಬರೆಯಬೇಡಿ.

ಹತ್ತು ನಿಮಿಷ ಮುಚ್ಚಿಡಿ. ಲಟ್ಟಣಿಗೆಯಿಂದ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, 7 ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ. ಒಂದು ಬಿಲ್ಲೆಯ ನಡುವೆ ಒಂದು ಟೀ ಚಮಚ ಹೂರಣ ಇಡಿ. ಅಂಚಿಗೆ ನೀರು ಸವರಿ, ಮೇಲೆ ಇನ್ನೊಂದು ಬಿಲ್ಲೆ ಇಡಿ. ಈಗ ನಡುವಿನಿಂದ ಅಂಚಿನ ಕಡೆಗೆ ಬೆರಳಿನಿಂದ ಒತ್ತುತ್ತ ಬಂದು ಒಳಗಿನ ಗಾಳಿ ಹೊರಗೆ ಹಾಕಿ. ಗಾಳಿ ಸಿಕ್ಕಿಕೊಂಡರೆ ಬಾಣಲೆಯಲ್ಲಿ ಹಿಗ್ಗಿ ಅಂಚು ಬಿಡಿಸುತ್ತದೆ. ಕೊನೆಗೆ 6 ಸೆಂಟಿಮೀಟರಿನ ಲೋಟದಿಂದ ಮತ್ತೊಮ್ಮೆ ಕತ್ತರಿಸಿ. ಸುಮ್ನೆ ಚೆಂದಕ್ಕಲ್ಲ, ಹೀಗೆ ಕತ್ತರಿಸಿದಾಗಲೇ ಅಂಚು ಸರಿಯಾಗಿ ಕೂಡಿಕೊಳ್ಳುವುದು.

ಹೂರಣ ಗಟ್ಟಿ ಇರಬೇಕು. ಚಮಚ ಓರೆ ಮಾಡಿದರೆ ಬೀಳಬಾರದು. ತೆಳ್ಳಗಿನ ಜಾಮನ್ನು ಒಲೆಯ ಮೇಲೆ ಸ್ವಲ್ಪ ಬತ್ತಿಸಿ, ಫ್ರಿಜ್‌ನಲ್ಲಿಟ್ಟು ತಣ್ಣಗಾದ ಮೇಲೆ ಬಳಸಿ. ನೀರು ಜಾಸ್ತಿ ಇದ್ದರೆ ಆವಿಯೂ ಜಾಸ್ತಿ. ಆವಿಯ ಒತ್ತಡಕ್ಕೆ ಡೋನಟ್ ಒಡೆದರೆ ಜಾಮ್ ಎಣ್ಣೆಗೆ ಬಿದ್ದು ಕರಕಲಾಗುತ್ತದೆ, ಎಣ್ಣೆ ಮುಖಕ್ಕೆ ಹಾರುತ್ತದೆ.

ಇನ್ನು ನಡುವೆ ಹಸಿ ಉಳಿದದ್ದು. ಎಣ್ಣೆ ಜಾಸ್ತಿ ಕಾದಿತ್ತು, ಅಷ್ಟೇ. 165ರಿಂದ 170 ಡಿಗ್ರಿ ಸೆಲ್ಸಿಯಸ್ ಸಾಕು. ಹಿಟ್ಟಿನಲ್ಲಿ ಸಕ್ಕರೆ ಇರುವುದರಿಂದ 190ರಲ್ಲಿ ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಗೋಲಿಯಷ್ಟು ಹಿಟ್ಟು ಹಾಕಿ ನೋಡಿ. ಅದು ತಳ ಮುಟ್ಟಿ, ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು, ನಿಧಾನವಾಗಿ ಮೇಲೆ ಬರಬೇಕು. ಹಾಕಿದ ತಕ್ಷಣ ಚಿಮ್ಮಿ ಮೇಲೆದ್ದರೆ ಉರಿ ತಗ್ಗಿಸಿ. ಒಂದು ಸಲಕ್ಕೆ ಮೂರೋ ನಾಲ್ಕೋ, ಒಂದೊಂದು ಬದಿಗೆ ಎರಡು ನಿಮಿಷದ ಮೇಲೆ ಸ್ವಲ್ಪ.

ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಹೊರಗೆ ಆರಿದಂತೆ ಕಂಡರೂ ಜಾಮ್ ಒಳಗೆ ಕುದಿಯುತ್ತಿರುತ್ತದೆ. ರುಚಿ ನೋಡುವ ಅವಸರಕ್ಕೆ ನಾನೇ ಒಮ್ಮೆ ಅಂಗುಳ ಸುಟ್ಟುಕೊಂಡು ಮೂರು ದಿನ ಮೊಸರನ್ನ ತಿಂದಿದ್ದೇನೆ.

ಪ್ರಶ್ನೆ: ಕಸ್ಟರ್ಡ್, ಕ್ರೀಮ್ ತುಂಬಬೇಕು. ಆದರೂ ಈಸ್ಟ್ ಬೇಡ.

ಹಾಗಾದರೆ ಹಿಟ್ಟನ್ನೇ ಬದಲಿಸಿ. 125 ಮಿಲಿ ನೀರು, 50 ಗ್ರಾಂ ಬೆಣ್ಣೆ ಕುದಿಸಿ, 75 ಗ್ರಾಂ ಮೈದಾ ಒಂದೇ ಸಲ ಸುರಿದು, ತಳ ಬಿಡುವವರೆಗೆ ತಿರುವಿ. ಸ್ವಲ್ಪ ಆರಿದ ಮೇಲೆ ಎರಡು ಮೊಟ್ಟೆ, ಒಂದಾದ ಮೇಲೊಂದು. ಇದೇ ಶೂ (choux) ಪೇಸ್ಟ್ರಿ ಹಿಟ್ಟು. ಸಣ್ಣ ಚಮಚದಿಂದ ಬಿಟ್ಟು ಕರಿದರೆ ಆವಿಯಿಂದಲೇ ಉಬ್ಬಿ ಒಳಗೆ ಟೊಳ್ಳಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ತುಂಬಿ.

ಪ್ರಶ್ನೆ: ಬೇಕಿಂಗ್ ಪೌಡರ್ ಹಿಟ್ಟನ್ನು ಎರಡು ಗಂಟೆ ಉಬ್ಬಲು ಬಿಡಬೇಕೇ?

ಬೇಡ. ಗಾಳಿ ಹೋಗುತ್ತದೆ.

ಪ್ರಶ್ನೆ: ಕಾದ ಎಣ್ಣೆಗೆ ಉಪ್ಪು ಹಾಕಿದರೆ ಡೋನಟ್ ಎಣ್ಣೆ ಕುಡಿಯುವುದಿಲ್ಲವಂತೆ, ನಿಜವೇ?

ಉಪ್ಪು ಎಣ್ಣೆಯಲ್ಲಿ ಕರಗುವುದೇ ಇಲ್ಲ. ತಳದಲ್ಲಿ ಕೂತು ಅದೇನು ಮಾಡೀತು?

ಪ್ರಶ್ನೆ: ಈಸ್ಟ್ ಹೊಟ್ಟೆಯಲ್ಲಿ ಬೆಳೆಯುತ್ತದೆ ಅಂತ ಒಬ್ಬರು ಹೆದರಿಸಿದರು. ಅದಕ್ಕೇ ಬಿಟ್ಟೆವು.

ಅವರು ಕೊನೆಗೆ ಯಾವುದೋ ಪುಡಿ ಮಾರಿರಬೇಕು, ಅಲ್ವಾ? ಕರಿಯುವ ಬಿಸಿಗೆ ಈಸ್ಟ್ ಸತ್ತೇ ಹೋಗುತ್ತದೆ. ಕಾಯಲು ಸಮಯ ಇಲ್ಲ ಅಂತ ಬಿಡಿ, ಅದು ಸರಿಯಾದ ಕಾರಣ.

ಪ್ರಶ್ನೆ: ಬೇಕಿಂಗ್ ಪೌಡರ್ ಇರಲಿಲ್ಲ. ಅಷ್ಟೇ ಅಳತೆ ಸೋಡಾ ಹಾಕಿದೆ. ಸಾಬೂನಿನ ರುಚಿ ಬಂತು.

ಬರಲೇಬೇಕು. ಸೋಡಾ ಮೂರು ನಾಲ್ಕು ಪಟ್ಟು ಜೋರು. ಜೊತೆಗೆ ಸಾಕಷ್ಟು ಹುಳಿಯೂ ಬೇಕು. ಆ ಹಿಟ್ಟನ್ನು ಚೆಲ್ಲಿ. ಸಕ್ಕರೆ ಹಾಕಿ ಸರಿಮಾಡಬಹುದಾ ಅಂತ ಇನ್ನೊಂದು ಪತ್ರ ಬರೆಯಬೇಡಿ.