ಪ್ರತಿಕ್ರಿಯೆ: ವೈಟ್ ಸ್ಯಾಂಡ್ಸ್ ಓರಿಕ್ಸ್ ಡ್ರಾ

ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ವಲಯದಲ್ಲಿ ಓರಿಕ್ಸ್ (ಆಫ್ರಿಕಾ ಮೂಲದ, ನೀಳ ಕೊಂಬಿನ ದೊಡ್ಡ ಹುಲ್ಲೆ) ಬೇಟೆಯ ಪರ್ಮಿಟ್‌ಗೆ ವರ್ಷ ವರ್ಷ ಅರ್ಜಿ ಹಾಕಿದರೆ, ಸೋತಷ್ಟೂ ಅವಕಾಶ ಹೆಚ್ಚಿಸುವ ಪಾಯಿಂಟ್ ಸೇರುತ್ತದೆಯೇ, ಗುಂಡು ಎಲ್ಲಿಗೆ ಹೊಡೆಯಬೇಕು ಎಂದು ಕೇಳಿದ್ದೀರಿ.

ಆ ರಾಜ್ಯದಲ್ಲಿ ಪಾಯಿಂಟ್ ಪದ್ಧತಿಯೇ ಇಲ್ಲ. ಹತ್ತು ಸಲ ಸೋತವರಿಗೂ ಹೊಸಬರಿಗೂ ಒಂದೇ ಅದೃಷ್ಟ. ಡ್ರಾದಲ್ಲಿ (ಲಾಟರಿಯಲ್ಲಿ) ನಿಮ್ಮ ಸರದಿ ಬಂದಾಗ ಅರ್ಜಿಯಲ್ಲಿ ನೀವು ಬರೆದ ಮೂರೂ ಬೇಟೆಯ ಆಯ್ಕೆಗಳನ್ನು ನೋಡಿಯೇ ಮುಂದಿನವರ ಅರ್ಜಿಗೆ ಹೋಗುತ್ತಾರೆ. ಹಾಗಾಗಿ ಮೊದಲು ವಲಯದೊಳಗಿನ ರೋಡ್ಸ್ ಕ್ಯಾನಿಯನ್ ಅಥವಾ ಸ್ಟಾಲಿಯನ್ ಬೇಟೆ ಹಾಕಿ, ಮೂರನೆಯದಕ್ಕೆ ವಲಯದ ಹೊರಗಿನ ಬೇಟೆ ಇಡಿ. ವಲಯದೊಳಗಿನ ಬೇಟೆಗಿರುವ ಜೀವಮಾನಕ್ಕೊಮ್ಮೆ ಎಂಬ ಷರತ್ತು ಹೊರಗಿನದಕ್ಕಿಲ್ಲ. ಪರ್ಮಿಟ್‌ಗಳಲ್ಲಿ ಹೊರರಾಜ್ಯದವರಿಗೆ ಇರುವುದು ಶೇ. 6 ಮಾತ್ರ, ಔಟ್‌ಫಿಟರ್ (ಬೇಟೆಯ ವ್ಯವಸ್ಥೆ ಮಾಡಿಕೊಡುವವರು) ಜೊತೆ ಒಪ್ಪಂದ ಮಾಡಿಕೊಂಡವರ ಪಾಲು ಶೇ. 10.

ಜನ ಎಡವುವುದು ಗುರಿಯಲ್ಲಿ. ಓರಿಕ್ಸ್‌ನ ಹೃದಯ ಜಿಂಕೆಯದಕ್ಕಿಂತ ಮುಂದೆ, ಕೆಳಗೆ ಇದೆ. ಜಿಂಕೆಗೆ ಹೊಡೆದಂತೆ ಭುಜದ ಹಿಂದೆ ಹೊಡೆದರೆ ಗಾಯಗೊಂಡು ಓಡಿಬಿಡುತ್ತದೆ. ಚರ್ಮ ದಪ್ಪ, ರಕ್ತದ ಜಾಡೂ ಸರಿಯಾಗಿ ಸಿಗದು. ಪಕ್ಕಕ್ಕೆ ನಿಂತಾಗ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಇಡಿ. .30 ಕ್ಯಾಲಿಬರ್, 180 ಗ್ರೇನ್ ತೂಕದ ಗಟ್ಟಿ ಬುಲೆಟ್ ಸಾಕು. ಬಿದ್ದದ್ದರ ಹತ್ತಿರ ಹಿಂದಿನಿಂದಲೇ ಹೋಗಿ, ಕೊಂಬು ಈಟಿಯೇ ಸರಿ. ಹೆಣ್ಣಿಗೂ ಕೊಂಬಿದೆ, ತೆಳು ಅಷ್ಟೇ.

ನೆಲದಲ್ಲಿ ಲೋಹದ ಚೂರು ಕಂಡರೆ ಮುಟ್ಟಬೇಡಿ, ಸಿಡಿಯದ ಮದ್ದು ಇರಬಹುದು. ಬರಿಗೈಯಲ್ಲಿ ಬಂದರೂ ಬೇಟೆಯ ವರದಿ ಸಲ್ಲಿಸಿ, ಇಲ್ಲದಿದ್ದರೆ ಮುಂದಿನ ವರ್ಷದ ಅರ್ಜಿ ತಿರಸ್ಕಾರವಾಗುತ್ತದೆ.